ಕಪ್ಪಿನ ಪಕ್ಕ ಕಪ್ಪು

ಹಳೇ ಕಾಲದ ಕಂಪ್ಯೂಟರಿನಲ್ಲಿ ಪವರ್ ಸಪ್ಲೈ ಡಬ್ಬಿಯಿಂದ ಮದರ್‌ಬೋರ್ಡಿಗೆ ಎರಡು ಪ್ಲಗ್ಗು ಹೋಗುತ್ತವೆ. ಎರಡೂ ಒಂದೇ ಅಳತೆ, ಎರಡೂ ಬಿಳಿ ಪ್ಲಾಸ್ಟಿಕ್ಕು, ಒಂದೊಂದಕ್ಕೆ ಆರಾರು ವೈರು. ಅಕ್ಕಪಕ್ಕ ಕೂರಿಸುವಾಗ ಇದರ ಕಪ್ಪು ವೈರುಗಳೂ ಅದರ ಕಪ್ಪು ವೈರುಗಳೂ ನಡುಮಧ್ಯೆ ಒಟ್ಟಿಗೆ ಬರಬೇಕು. ಅದಲುಬದಲು ಮಾಡಿದರೂ ಪ್ಲಗ್ಗು ಬೇಡ ಅನ್ನುವುದಿಲ್ಲ, ಸ್ವಲ್ಪ ಒತ್ತಿದರೆ ಕೂತುಬಿಡುತ್ತದೆ. ಸ್ವಿಚ್ಚು ಹಾಕಿದ ಮೇಲೆ ಬೋರ್ಡು ಸುಟ್ಟುಹೋಗುತ್ತದೆ. ಕಪ್ಪಿನ ಪಕ್ಕ ಕಪ್ಪು, ಇಷ್ಟೇ ಪಾಠ. ಶಿಡ್ಲಘಟ್ಟದಲ್ಲಿ ರಿಪೇರಿ ಅಂಗಡಿ ಇಟ್ಟುಕೊಂಡಿರುವ ಜಗನ್ ಇದನ್ನು ಇಪ್ಪತ್ತಾರು ವರ್ಷಗಳಲ್ಲಿ ಎಷ್ಟು ಜನಕ್ಕೆ ಹೇಳಿಕೊಟ್ಟಿದ್ದಾನೋ ಅವನಿಗೇ ನೆನಪಿಲ್ಲ. ಹೇಳಿಕೊಡುವಾಗ ಪ್ರತಿ ಸಲವೂ ಗಂಟಲು ಕಟ್ಟುತ್ತಿತ್ತು, ಒಮ್ಮೆ ಕೆಮ್ಮಿ ಸರಿಮಾಡಿಕೊಳ್ಳುತ್ತಿದ್ದ. ಕಲಿಯಲು ಬಂದವರು ಧೂಳಿನ ಕೆಮ್ಮು ಎಂದುಕೊಳ್ಳುತ್ತಿದ್ದರು. ಅವನ ಹೆಂಡತಿ ಕಲ್ಯಾಣಿಯೂ ಹಾಗೇ ಎಂದುಕೊಂಡು ಒಂದು ಡಜನ್ ಮಾಸ್ಕು ತಂದುಕೊಟ್ಟಿದ್ದಳು.

ಅಂದು ಬೆಳಿಗ್ಗೆ ಸಾದಲಿಯ ದಾರಿಯಲ್ಲಿ ಬೈಕು ಓಡಿಸುತ್ತ ಅವನು ಆ ಪಾಠವನ್ನು ತನಗೇ ಹೇಳಿಕೊಳ್ಳುತ್ತಿದ್ದ. ಹಿಂದಿನ ಸೀಟಿಗೆ ಬಿಗಿದ ಚೀಲದಲ್ಲಿ ಹಳೇ ಮಾದರಿಯ ಒಂದು ಎಸ್‌ಎಂಪಿಎಸ್ ಇತ್ತು. ಪವರ್ ಸಪ್ಲೈ ಡಬ್ಬಿಗೆ ಅಂಗಡಿಯವರು ಕರೆಯುವ ಹೆಸರು ಅದು. ಈಗ ಅಂಥದ್ದು ಹೊಸದಾಗಿ ಸಿಗುವುದಿಲ್ಲ. ಗೌರಿಬಿದನೂರಿನ ಕಡೆ ಯಾರೋ ಹಳೇ ಲ್ಯಾಬನ್ನು ತೂಕಕ್ಕೆ ಹಾಕಿದಾಗ ಗುಜರಿ ಗಾಡಿಯಿಂದ ಎತ್ತಿಟ್ಟುಕೊಂಡಿದ್ದು. ಎರಡು ದಿನ ಕೂತು ಉಬ್ಬಿಹೋದ ಕೆಪಾಸಿಟರುಗಳನ್ನು ಬದಲಿಸಿ, ಹೊಸ ಫ್ಯಾನು ಹಾಕಿ, ಕರೆಂಟು ಎಳೆಯಲೆಂದು ಕೆಟ್ಟ ಹಾರ್ಡ್ ಡಿಸ್ಕೊಂದನ್ನು ಸಿಕ್ಕಿಸಿ ಇಡೀ ದಿನ ಓಡಿಸಿ ನೋಡಿದ್ದ. ಇಷ್ಟೆಲ್ಲ ಮಾಡುವ ಅಗತ್ಯವೇ ಇರಲಿಲ್ಲ. ಫೋನು ಮಾಡಿದ್ದ ಹುಡುಗಿ ತನುಜ, ಚಿಂತಾಮಣಿಯಲ್ಲಿ ರೇಷ್ಮೆ ಕೃಷಿ ಓದುತ್ತಿರುವವಳು, ತನ್ನ ಪ್ರಾಜೆಕ್ಟಿಗೆ ಸ್ವಿಚ್ಚು ಹಾಕಿದರೆ ಫ್ಯಾನೂ ತಿರುಗದೆ ಸತ್ತುಬಿದ್ದಿರುವ ಮನೆಯ ಹಳೇ ಕಂಪ್ಯೂಟರಿನಲ್ಲಿರುವ ಇಪ್ಪತ್ತೈದು ವರ್ಷದ ದಾಖಲೆ ಬೇಕು ಎಂದಿದ್ದಳು. ಹಾರ್ಡ್ ಡಿಸ್ಕು ಬಿಚ್ಚಿ ಬಸ್ಸಿನಲ್ಲಿ ಕಳಿಸಮ್ಮ, ಎಲ್ಲ ಕಾಪಿ ಮಾಡಿ ಪೆನ್‌ಡ್ರೈವಿನಲ್ಲಿ ಕೊಡ್ತೀನಿ ಎಂದಿದ್ದರೆ ಮುಗಿಯುತ್ತಿತ್ತು. ಯಾವ ಊರಮ್ಮ ಎಂದು ಕೇಳಿದ. ಸಾದಲಿ ಅಂಕಲ್, ಚಾಕಿ ಸೆಂಟರ್ ಮನೆ ಎಂದಳು. ಬರ್ತೀನಿ ಎಂದುಬಿಟ್ಟ. ಹತ್ತು ಹದಿನೈದು ವರ್ಷದಿಂದ ಆ ಮನೆಯಿಂದ ಕರೆ ಬಂದಾಗೆಲ್ಲ ಬೇರೆ ಯಾರನ್ನೋ ಕಳಿಸುತ್ತಿದ್ದವನು ತಾನು.

ಮನೆಯ ಗೇಟಿನಲ್ಲಿ ತನುಜಳ ಅಪ್ಪ ಚಿರಂಜೀವಿ ಕಾಯುತ್ತಿದ್ದ. ತಲೆ ನರೆತಿತ್ತು, ಹೊಟ್ಟೆ ಬಂದಿತ್ತು. "ಬನ್ನಿ ಜಗನ್ ಸಾರ್" ಎಂದು ಕೈ ಹಿಡಿದು ಕುಲುಕಿದ. ಸಾರ್ ಎಂದದ್ದು ಜಗನ್ನನಿಗೆ ಹಿತವೆನಿಸಿತು, ಹಿತವೆನಿಸಿದ್ದಕ್ಕೆ ತನ್ನ ಮೇಲೇ ಸಿಟ್ಟು ಬಂತು. ಎಡಕ್ಕೆ ಮನೆ, ಬಲಕ್ಕೆ ಉದ್ದನೆಯ ಹುಳದ ಮನೆ. ಮೊಟ್ಟೆಯೊಡೆದ ರೇಷ್ಮೆ ಮರಿಗಳನ್ನು ಎರಡನೇ ಜ್ವರ ದಾಟುವವರೆಗೆ ಸಾಕಿ ರೈತರಿಗೆ ಕೊಡುವುದು, ಅಂದರೆ ಚಾಕಿ, ಈ ಮನೆಯವರ ಕಸುಬು. ಹುಳ ಪೊರೆ ಬಿಡಲು ಸೊಪ್ಪು ಬಿಟ್ಟು ತಲೆಯೆತ್ತಿ ಕೂರುವುದಕ್ಕೆ ಈ ಕಡೆ ಜ್ವರ ಎನ್ನುತ್ತಾರೆ. ಹುಳದ ಮನೆಯ ಹೊಸಿಲಲ್ಲಿ ಬ್ಲೀಚಿಂಗ್ ಪೌಡರ್ ನೀರಿನ ತಟ್ಟೆ, ಅದರಾಚೆ ಸುಣ್ಣದ ಪಟ್ಟೆ, ಹುಳದ ಮೈಮೇಲೆ ಮೊಟ್ಟೆಯಿಡುವ ಊಜಿ ನೊಣ ಬಾರದಂತೆ ಕಿಟಕಿಗಳಿಗೆ ನೈಲಾನ್ ಪರದೆ. ಜಗಲಿಯ ಕುರ್ಚಿಯಲ್ಲಿ ಚಿರಂಜೀವಿಯ ತಾಯಿ ಆದಿಲಕ್ಷ್ಮಮ್ಮ ಕೂತಿದ್ದರು. ಎಂಬತ್ತರ ಹತ್ತಿರ, ಕಣ್ಣಿಗೆ ದಪ್ಪ ಕನ್ನಡಕ. ಅವನನ್ನು ನೋಡಿ, ಯಾರೋ ಇದು ಎಂದು ಮಗನನ್ನು ಕೇಳಿದರು. ಕಂಪ್ಯೂಟರಿನವರು ಕಣಮ್ಮ, ಮುಂಚೆ ಬರ್ತಿದ್ರಲ್ಲ ಎಂದು ಅವನು ಹೇಳಿದ.

ಏನಪ್ಪಾ, ಯಾವೂರು ಎಂದು ಇಪ್ಪತ್ತಾರು ವರ್ಷದ ಹಿಂದೆ ಇವರೇ ಕೇಳಿದ್ದರು, ಇದೇ ಜಗಲಿಯಲ್ಲಿ. ಆಗ ಕುರ್ಚಿಯಿರಲಿಲ್ಲ, ನಿಂತುಕೊಂಡಿದ್ದರು, ಸೊಂಟದಲ್ಲಿ ಬೀಗದಕೈ ಗೊಂಚಲು. ಅವನಿಗೆ ಇಪ್ಪತ್ತಮೂರು ವರ್ಷ, ಚಿಕ್ಕಬಳ್ಳಾಪುರದ ರಮೇಶ್‌ಬಾಬು ಎಂಬುವರ ಅಂಗಡಿಯಲ್ಲಿ ಕೆಲಸಕ್ಕೆ ಸೇರಿ ನಾಲ್ಕು ತಿಂಗಳು, ಈ ಮನೆಗೆ ಹೊಸ ಕಂಪ್ಯೂಟರ್ ಜೋಡಿಸಲು ಬಂದಿದ್ದ. ಕಳವಾರ ಎಂದ. ಕಳವಾರದಲ್ಲಿ ಯಾರ ಪೈಕಿ ಎಂದರು. ವೆಂಕಟರವಣಪ್ಪನ ಮಗ ಎಂದ. ಯಾವ ವೆಂಕಟರವಣಪ್ಪ ಎಂದರು. ಎರಡು ಪ್ರಶ್ನೆ ತಪ್ಪಿಸಿಕೊಳ್ಳಬಹುದು, ಮೂರನೆಯದರಲ್ಲಿ ಎಲ್ಲರೂ ಸಿಕ್ಕಿಬೀಳುತ್ತಾರೆ. ಬೆಟ್ಟದ ಕಡೆ ಕಾಲೋನಿ ಎಂದ. ಅವರು ಒರಟಾಗಿ ಏನೂ ಹೇಳಲಿಲ್ಲ. ಸರಿಸರಿ, ಕೆಲಸ ನೋಡಪ್ಪ ಎಂದು ಒಳಗೆ ಹೋಗಿ ನೀರು ತರಿಸಿದರು. ಲೋಟ ಕೈಗೆ ಬರಲಿಲ್ಲ, ಕಿಟಕಿಯ ಕಟ್ಟೆಯ ಮೇಲೆ ಬಂತು. ಕುಡಿದು ಹಂಗೇ ನಲ್ಲಿ ಹತ್ರ ತೊಳೆದಿಟ್ಟುಬಿಡಪ್ಪ ಎಂದರು. ಅವನು ತೊಳೆದಿಟ್ಟ. ಒದ್ದೆ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಬಂದು ಆ ಎರಡು ಪ್ಲಗ್ಗನ್ನು ಹಿಡಿದ. ಮನಸ್ಸು ಇನ್ನೂ ನಲ್ಲಿಯ ಹತ್ತಿರವೇ ಇತ್ತು. ಇದನ್ನು ಅವನು ನೆಪವೆಂದು ಯಾರ ಮುಂದೆಯೂ ಹೇಳಿಲ್ಲ. ತನಗೆ ಮಾತ್ರ ಸಾವಿರ ಸಲ ಹೇಳಿಕೊಂಡಿದ್ದಾನೆ, ಒಂದು ಸಲವೂ ಪೂರ್ತಿ ನಂಬಿಲ್ಲ. ತೊಳೆದಿಟ್ಟ ಲೋಟಕ್ಕೂ ಅದಲುಬದಲಾದ ಪ್ಲಗ್ಗಿಗೂ ನಡುವೆ ಅವನ ಎರಡು ಕೈಗಳಿದ್ದವು, ಆ ಕೈಗಳನ್ನು ನೋಡಿಕೊಳ್ಳಬೇಕಾಗಿದ್ದವನು ಅವನೇ.

ಈಗ ಕಾಫಿ ಬಂತು. ಎಲ್ಲರಿಗೂ ಒಂದೇ ತರದ ಸ್ಟೀಲ್ ಲೋಟ, ಅವನಿಗೂ ಅದೇ, ಕೈಗೇ ಕೊಟ್ಟರು. ಕೊಟ್ಟದ್ದು ಮಾಲಾ, ಚಿರಂಜೀವಿಯ ಹೆಂಡತಿ. ಕೊಟ್ಟು, ಚೆನ್ನಾಗಿದೀರಾ ಎಂದು ಕೇಳಿ, ಕಂಪ್ಯೂಟರ್ ಕೋಣೆಯ ಬಾಗಿಲು ತೆಗೆದಳು. ಹುಳದ ಮನೆಗೆ ಅಂಟಿಕೊಂಡ ಚಿಕ್ಕ ಕೋಣೆ ಅದು. ಪೂರ್ವದ ಗೋಡೆಗೆ ಒತ್ತಿಟ್ಟ ಟೇಬಲ್ಲು, ಟೇಬಲ್ಲಿನ ಹಿಂದೆಯೇ ಹುಳದ ಮನೆಗೆ ತೆರೆದುಕೊಳ್ಳುವ ಪರದೆ ಕಿಟಕಿ. ಕೂತವರ ಮುಖ ಪೂರ್ವಕ್ಕಿರಬೇಕು ಎಂದು ಆದಿಲಕ್ಷ್ಮಮ್ಮ ಮೊದಲ ದಿನವೇ ಹೇಳಿಸಿ ಇಡಿಸಿದ್ದ ಜಾಗ ಅದು, ಇಪ್ಪತ್ತಾರು ವರ್ಷದಿಂದ ಒಂದು ಗೇಣೂ ಅಲುಗಿರಲಿಲ್ಲ. ಕಂಪ್ಯೂಟರಿನ ಮೇಲೆ ಕೈಹೆಣಿಗೆಯ ಬಟ್ಟೆ ಹೊದಿಸಿತ್ತು. ಮಾಲಾ ಅದನ್ನು ತೆಗೆದು ಮಡಿಸಿ ಎದೆಗೊತ್ತಿಕೊಂಡು ಬಾಗಿಲ ಪಕ್ಕ ನಿಂತಳು. ಪರದೆಯಾಚೆ ಇಬ್ಬರು ಹೆಂಗಸರು ಹುಳದ ತಟ್ಟೆಗಳ ಮೇಲಿನ ಮೇಣದ ಕಾಗದ ಸರಿಮಾಡುತ್ತಿದ್ದರು. ಮಾಲಾ ಅಲ್ಲಿಗೆ ಹೋಗುವುದಿಲ್ಲ. ಮದುವೆಯಾದ ಮೊದಲ ತಿಂಗಳುಗಳನ್ನು ಬಿಟ್ಟರೆ ಆ ಮನೆಯ ಹುಳಗಳನ್ನು ಅವಳು ಕಂಡದ್ದೆಲ್ಲ ಈ ಕಿಟಕಿಯಿಂದಲೇ. ಹುಳದ ಮನೆಗೆ ಕಾಲಿಡದವಳು ಹುಳದ ದಾಖಲೆ ಬರೆಯುತ್ತಿದ್ದಳು. ಯಾವ ತಂಡದ ಮರಿ, ಯಾವ ದಿನ ಮೊಟ್ಟೆ ಒಡೆಯಿತು, ಶಾಖ ಎಷ್ಟು, ತೇವ ಎಷ್ಟು, ಯಾವತ್ತು ಜ್ವರಕ್ಕೆ ಕೂತವು, ಎಷ್ಟು ಸತ್ತವು, ಎಲ್ಲವನ್ನೂ ಒಳಗಿನವರು ಕೂಗಿ ಹೇಳುವರು, ಅವಳು ಇಲ್ಲಿ ಕೂತು ಕುಟ್ಟುವಳು.

ಇದು ಅವನಿಂದಾದದ್ದು. ಅಂದು ಪ್ಲಗ್ಗು ಕೂರಿಸಿ, ಆಯಿತು ಎಂದಾಗ ಆದಿಲಕ್ಷ್ಮಮ್ಮ, ಹೊಸ ಸೊಸೆಯ ಕೈಯಲ್ಲೇ ಸ್ವಿಚ್ಚು ಹಾಕಿಸಿ ಎಂದಿದ್ದರು. ಮದುವೆಯಾಗಿ ಮೂರು ತಿಂಗಳಾಗಿತ್ತು. ಅವಳ ಕೈಗುಣ ಬಹಳ ಚೆನ್ನಾಗಿದೆ ಎಂದು ಆಗ ಮನೆಯೆಲ್ಲ ಮಾತು, ಆ ಸಲ ಮರಿ ಹುಳಗಳಿಗೆ ಮೊದಲ ಸೊಪ್ಪು ಹಾಕಿದವಳೂ ಅವಳೇ. ಹತ್ತೊಂಬತ್ತು ವರ್ಷದ ಹುಡುಗಿ ನಾಚಿಕೊಂಡು ಬಂದು, ಎಲ್ಲಿ ಒತ್ತಬೇಕು ಎಂದು ಅವನನ್ನು ಕೇಳಿ, ಒತ್ತಿದಳು. ಚಟ್ ಎಂದಿತು. ಸುಟ್ಟ ವಾಸನೆ, ತೆಳ್ಳಗೆ ಹೊಗೆ. ಎಲ್ಲರೂ ಅವಳ ಕೈ ನೋಡಿದರು, ಅವನು ಪ್ಲಗ್ಗು ನೋಡಿದ. ಕಪ್ಪು ವೈರುಗಳು ಎರಡು ತುದಿಯಲ್ಲಿದ್ದವು. ಅವನು ಬಗ್ಗಿ, ಮೇನ್ ಪ್ಲಗ್ಗು ಕಿತ್ತು, ಆ ಎರಡನ್ನೂ ಕಿತ್ತು, ಎದ್ದು ನಿಂತು, ಕರೆಂಟು ಜಾಸ್ತಿ ಬಂದಿರಬೇಕು ಎಂದ. ಆ ಮಾತು ಯಾರಿಗೂ ಬೇಕಾಗಿರಲಿಲ್ಲ. ಏನೇ ಇದು, ಮುಟ್ಟಿದ್ದೇ ಸುಟ್ಟೋಯ್ತಲ್ಲೇ ಎಂದು ಆದಿಲಕ್ಷ್ಮಮ್ಮ ಅನ್ನುತ್ತಿದ್ದರು, ಆಗಿನ್ನೂ ಅರ್ಧ ತಮಾಷೆಯಲ್ಲಿ. ಐದನೆಯ ದಿನ ಹುಳಕ್ಕೆ ಹಾಲು ರೋಗ ಬಂತು. ಆ ತಂಡವನ್ನೆಲ್ಲ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿದರು. ಹದಿನೈದು ದಿನದ ಮೇಲೆ ಜಗನ್ ಹೊಸ ಬೋರ್ಡು ತಂದಾಗ ಹುಡುಗಿ ಇದೇ ಬಾಗಿಲ ಪಕ್ಕ ನಿಂತಿದ್ದಳು. ಯಾವುದನ್ನೂ ಮುಟ್ಟಲಿಲ್ಲ. ಅವಳನ್ನು ಹುಳದ ಮನೆಗೆ ಬಿಡುವುದಿಲ್ಲ ಎಂಬುದನ್ನು ಅಲ್ಲಿನ ಆಳೊಬ್ಬ ಅವನಿಗೆ ಹೇಳಿದ, ಊರಿನ ಸಾಮಾನ್ಯ ಸುದ್ದಿ ಹೇಳುವ ಹಾಗೆ. ಆಗಲೂ ಹೇಳಬಹುದಿತ್ತು. ಹೇಳಿದರೆ ರಮೇಶ್‌ಬಾಬು ಕೆಲಸದಿಂದ ತೆಗೆಯುತ್ತಾರೆ ಎಂದು ಹೆದರಿದ. ಅದಕ್ಕಿಂತ ದೊಡ್ಡ ಹೆದರಿಕೆ ಬೇರೆ ಇತ್ತು, ಅದಕ್ಕೆ ಹೆಸರಿಡಲು ಅವನಿಗೆ ಇಷ್ಟವಿರಲಿಲ್ಲ.

ಅವನು ಸಿಪಿಯು ಪೆಟ್ಟಿಗೆಯ ಮುಚ್ಚಳ ಬಿಚ್ಚಿದ. ಒಳಗೆ ಎಲ್ಲ ಬಿಳಿ. ಸುಣ್ಣದ ಪುಡಿ, ಬ್ಲೀಚಿಂಗ್ ಪುಡಿ, ಒಣಗಿದ ಹಿಪ್ಪುನೇರಳೆ ಸೊಪ್ಪಿನ ಚೂರು. ಕಂಪ್ಯೂಟರಿನ ಒಳಗಿನ ಬಿಸಿಗಾಳಿಯನ್ನು ಎಸ್‌ಎಂಪಿಎಸ್ ಫ್ಯಾನು ಹಿಂದಿನಿಂದ ಹೊರಗೆ ತಳ್ಳಬೇಕು. ತಳ್ಳಿದ್ದರೆ ಇಷ್ಟು ಪುಡಿ ಒಳಗೆ ಬರುತ್ತಿರಲಿಲ್ಲ. ಯೋಚಿಸುತ್ತಲೇ ನಾಲ್ಕು ಸ್ಕ್ರೂ ತೆಗೆದು ಎಸ್‌ಎಂಪಿಎಸ್ ಡಬ್ಬಿ ಹೊರತೆಗೆದ. ಡಬ್ಬಿಯ ಮುಚ್ಚಳದ ಸ್ಕ್ರೂಗಳ ತಲೆಯ ಮೇಲೆ ಒಂದೊಂದು ಕೆಂಪು ಚುಕ್ಕೆ ಇತ್ತು. ಉಗುರಿನಿಂದ ಕೆರೆದ. ಉಗುರು ಬಣ್ಣ. ಯಾರಾದರೂ ಬಿಚ್ಚಿದರೆ ಗೊತ್ತಾಗಲಿ ಎಂದು ಕಾರ್ಖಾನೆಯವರು ಬಣ್ಣದ ಬೊಟ್ಟಿಡುತ್ತಾರೆ, ಅದನ್ನು ಕಂಡು ಕಲಿತವರು ಯಾರೋ ಇಟ್ಟಿದ್ದಾರೆ. ಮುಚ್ಚಳ ತೆಗೆದ. ಫ್ಯಾನು ತಿರುಗಾಮುರುಗಾ ಕೂತಿತ್ತು. ಚೌಕಟ್ಟಿನ ಮೇಲೆ ಗಾಳಿ ಎತ್ತ ಹೋಗಬೇಕೆಂದು ತೋರಿಸುವ ಪುಟ್ಟ ಬಾಣದ ಗುರುತು ಒಳಮುಖವಾಗಿತ್ತು. ತಿರುಗಿಸಿದಾಗ ವೈರು ಸಾಲದೆ ಬಂದಿರಬೇಕು, ಎರಡಿಂಚು ವೈರು ಸೇರಿಸಿ, ಗಂಟಿನ ಮೇಲೆ ಟೇಪು ಸುತ್ತಿ, ಟೇಪಿನ ಮೇಲೆ ಹಸಿ ರೇಷ್ಮೆಯ ನೂಲು ಬಿಗಿದಿತ್ತು. ಬಹಳ ಶಿಸ್ತಿನ ಕೆಲಸ. ಅವನ ಅಂಗಡಿಯಲ್ಲಿ ಕಲಿತು ಹೋದವರಲ್ಲಿ ಇಷ್ಟು ಅಚ್ಚುಕಟ್ಟಾಗಿ ಮಾಡಬಲ್ಲವರು ಇಬ್ಬರೋ ಮೂವರೋ.

ಗಾಳಿ ಎಲ್ಲಿಗೆ ಹೋಗುತ್ತೆ ಎಂದು ಅವಳು ಕೇಳಿದ್ದು ನೆನಪಾಯಿತು. ಬೋರ್ಡು ಹಾಕಿದ ಎರಡು ವರ್ಷದ ಮೇಲೆ, ಧೂಳು ಹೊಡೆಯಲು ಬಂದಾಗ. ಬಾಗಿಲ ಹತ್ತಿರದಿಂದಲೇ ಕೇಳಿದ್ದಳು. ಹಿಂದಕ್ಕೆ ಹೋಗುತ್ತಮ್ಮ, ಇಲ್ಲಿ ನೋಡಿ, ಬಾಣದ ಗುರುತು ಎಂದಿದ್ದ. ಇದನ್ನು ಬಿಚ್ಚೋಕೆ ಮುಂಚೆ ಕರೆಂಟು ತೆಗೆದು ಒಂದು ದಿನ ಬಿಡಬೇಕು, ಇಲ್ಲದಿದ್ದರೆ ಶಾಕ್ ಹೊಡೆಯುತ್ತೆ ಎಂದೂ ಹೇಳಿದ್ದ, ಸುಮ್ಮನಿರಲಾರದೆ, ಅವಳ ಹತ್ತಿರ ಬೇರೆ ಏನೂ ಮಾತಾಡಲು ಬಾರದೆ. ಈಗ ಎಲ್ಲ ಗೊತ್ತಾಯಿತು. ಟೇಬಲ್ಲು ಅಲುಗಿಸುವ ಹಾಗಿಲ್ಲ. ಹಿಂದಿನಿಂದ ಬರುವ ಬಿಸಿಗಾಳಿ ನೇರ ಪರದೆ ದಾಟಿ ಮರಿ ಹುಳಗಳ ಮೇಲೆ ಬೀಳುತ್ತದೆ. ಗಾಳಿ ಬಿದ್ದರೆ ಸೊಪ್ಪು ಒಣಗುತ್ತದೆ, ಒಣಗಿದ ಸೊಪ್ಪು ಮರಿಹುಳ ಮುಟ್ಟುವುದಿಲ್ಲ. ಹುಳದ ಮನೆಯವರನ್ನು ಬಿಟ್ಟರೆ ಭೂಮಿಯ ಮೇಲೆ ಯಾರಿಗೂ ಈ ಯೋಚನೆ ಬರುವುದಿಲ್ಲ. ಅವಳು ಯಾರಿಗೂ ಹೇಳದೆ ಒಂದು ಮಧ್ಯಾಹ್ನ ಫ್ಯಾನನ್ನೇ ತಿರುಗಿಸಿಬಿಟ್ಟಿದ್ದಾಳೆ. ಫ್ಯಾನು ಹುಳದ ಮನೆಯ ಸುಣ್ಣ, ಬ್ಲೀಚಿಂಗು ಎಲ್ಲವನ್ನೂ ವರ್ಷಗಟ್ಟಲೆ ಒಳಗೆಳೆದುಕೊಂಡು, ಕೊನೆಗೆ ಎಸ್‌ಎಂಪಿಎಸ್ ತುಕ್ಕು ಹಿಡಿದು ಸತ್ತಿದೆ.

ಅವನು ತಲೆಯೆತ್ತಿ ನೋಡಿದ. ಮಾಲಾ ಅವನ ಕೈಯಲ್ಲಿದ್ದ ಫ್ಯಾನನ್ನೇ ನೋಡುತ್ತಿದ್ದಳು. ಅಷ್ಟರಲ್ಲಿ ತನುಜ ಬಂದಳು, ಹಿಂದೆ ಚಿರಂಜೀವಿ ಬಂದ. ಆದಿಲಕ್ಷ್ಮಮ್ಮನಿಗೂ ಕುರ್ಚಿ ಹಾಕಿದರು. ಕಂಪ್ಯೂಟರ್ ಏಳುತ್ತದೆಂದು ಎಲ್ಲರಿಗೂ ಒಂದು ಸಂಭ್ರಮ. ಜಗನ್ ಯಾರ ಮುಖವನ್ನೂ ನೋಡದೆ ಕೆಲಸ ಮಾಡಿದ. ಬ್ರಷ್ಷಿನಿಂದ ಪುಡಿ ತೆಗೆದ, ತಾನು ತಂದ ಡಬ್ಬಿಯನ್ನು ಕೂರಿಸಿದ, ಮುಂದಿನ ಸ್ವಿಚ್ಚಿಗೆ ಹೋಗುವ ದಪ್ಪ ವೈರಿನ ನಾಲ್ಕು ಬಣ್ಣ ನೋಡಿ ನೋಡಿ ಸಿಕ್ಕಿಸಿದ. ಬೋರ್ಡಿಗೆ ಕೊಡುವ ಮುಂಚೆ ಒಮ್ಮೆ ಓಡಿಸಿ ಮೀಟರು ಹಿಡಿದ. ಐದು ವೋಲ್ಟು ಬಂತು, ಹನ್ನೆರಡು ಬಂತು. ಮತ್ತೆ ಪ್ಲಗ್ಗು ಕಿತ್ತ. ಉಳಿದದ್ದು ಆ ಎರಡು ಬಿಳಿ ಪ್ಲಗ್ಗು ಮಾತ್ರ, ಟೇಬಲ್ಲಿನ ಅಂಚಿನಲ್ಲಿ ನೇತಾಡುತ್ತಿದ್ದವು.

ಯಾಕೆ ಹೋಗಿತ್ತು ಸಾರ್ ಎಂದು ಚಿರಂಜೀವಿ ಕೇಳಿದ. ಬರಿ ಕೇಳಬೇಕೆಂದು ಕೇಳಿದ್ದು. ಜಗನ್ ಬಾಯಿ ತೆರೆಯುವ ಮುಂಚೆ ಆದಿಲಕ್ಷ್ಮಮ್ಮ, ಇನ್ಯಾಕೆ ಹೋಗುತ್ತೆ, ಇದರ ಮುಂದೆ ಕೂರೋಳು ಇವಳೇ ಅಲ್ವಾ ಎಂದರು. ಕಟುವಾಗಿ ಹೇಳಲಿಲ್ಲ. ಮಳೆಗಾಲದಲ್ಲಿ ಉಪ್ಪು ನೀರೊಡೆಯುತ್ತದೆ ಎನ್ನುವ ಹಾಗೆ ಹೇಳಿದರು. ಬಿಡಜ್ಜಿ ಎಂದು ತನುಜ ಗೊಣಗಿದಳು. ಚಿರಂಜೀವಿ ಕಿಟಕಿಯ ಕಡೆ ನೋಡಿದ. ಮಾಲಾ ಕೈಯಲ್ಲಿದ್ದ ಹೊದಿಕೆಯನ್ನು ಇನ್ನೊಂದು ಮಡಿಕೆ ಮಡಿಸಿದಳು. ಇಪ್ಪತ್ತಾರು ವರ್ಷ ಇವಳು ಹೀಗೆ ಏನಾದರೊಂದನ್ನು ಮಡಿಸುತ್ತಲೇ ಬಂದಿರಬೇಕು ಎಂದು ಜಗನ್ನನಿಗೆ ಅನ್ನಿಸಿತು. ಫ್ಯಾನು ತಿರುಗಿಸಿದ ವಿಷಯ ಈಗ ಹೇಳಿದರೆ ಮುಗಿಯಿತು, ಅವಳ ಕೈ ಎಂಬುದಕ್ಕೆ ಸಾಕ್ಷಿಯನ್ನು ಇವನೇ ಬಿಚ್ಚಿ ತೋರಿಸಿದ ಹಾಗೆ. ಆಗ ಅವನಿಗೊಂದು ಉಪಾಯ ಹೊಳೆಯಿತು, ಬಹಳ ಒಳ್ಳೆಯ ಉಪಾಯ ಎನಿಸಿತು.

"ಅವರದ್ದೇನಿಲ್ಲಮ್ಮ. ನಂದೇ ತಪ್ಪು. ಮುಂಚೆ ಸರ್ವೀಸಿಗೆ ಬಂದಾಗ ಫ್ಯಾನು ತಿರುಗಾಮುರುಗಾ ಹಾಕಿಬಿಟ್ಟಿದ್ದೆ. ಅದಕ್ಕೇ ಧೂಳೆಲ್ಲ ಒಳಗೆ ಹೋಗಿ ಹಾಳಾಗಿದೆ."

ಹೇಳಿದ ಕೂಡಲೇ ಎದೆ ಹಗುರಾಯಿತು. ಇಷ್ಟು ಸುಲಭವಿತ್ತೇ ಎನಿಸಿತು. ಒಂದು ತಪ್ಪನ್ನು ಅವಳ ತಲೆಗೆ ಕಟ್ಟಿದ್ದೆ, ಇನ್ನೊಂದನ್ನು ಅವಳ ತಲೆಯಿಂದ ತೆಗೆದೆ, ಸರಿಹೋಯಿತು. ಒಂದು ಗಳಿಗೆ ತಾನು ಒಳ್ಳೆಯ ಮನುಷ್ಯ ಎಂದೇ ನಂಬಿದ. ಪರವಾ ಇಲ್ಲ ಬಿಡಿ ಸಾರ್, ಎಲ್ಲರಿಗೂ ಆಗುತ್ತೆ ಎಂದು ಚಿರಂಜೀವಿ ನಕ್ಕ.

"ಇಲ್ಲ" ಎಂದಳು ಮಾಲಾ.

ಬಾಗಿಲು ಬಿಟ್ಟು ಎರಡು ಹೆಜ್ಜೆ ಒಳಗೆ ಬಂದಳು. "ಫ್ಯಾನ್ ತಿರುಗಿಸಿದ್ದು ನಾನು. ಇದರ ಗಾಳಿ ಹುಳದ ಮೇಲೆ ಬೀಳ್ತಿತ್ತು, ಟೇಬಲ್ ಸರಿಸೋ ಹಾಗಿರಲಿಲ್ಲ. ತನು ಎರಡನೇ ಕ್ಲಾಸಲ್ಲಿದ್ಲು ಆವಾಗ. ಹದಿನೇಳು ವರ್ಷ ಓಡೈತೆ." ಕೊನೆಯ ಮಾತು ಹೇಳುವಾಗ ದನಿಯಲ್ಲಿ ಒಂದು ಬಿಗಿ ಇತ್ತು. ಅದು ಹೆಮ್ಮೆ ಎಂಬುದು ಜಗನ್ನನಿಗೆ ತಡವಾಗಿ ತಿಳಿಯಿತು. ಅವಳು ಅವನ ಕಡೆ ತಿರುಗಿದಳು. ಸಿಟ್ಟಿರಲಿಲ್ಲ, ನಿಜವಾಗಿ ಅರ್ಥವಾಗದವಳ ಹಾಗೆ ಕೇಳಿದಳು.

"ನಿಮ್ಮದಲ್ಲದ್ದನ್ನ ಯಾಕೆ ತಲೆ ಮೇಲೆ ಹಾಕ್ಕೊಳ್ತೀರಾ ನೀವು?"

ಅವಳಿಗೆ ಏನೂ ಗೊತ್ತಿಲ್ಲ. ಅದು ಅವನಿಗೆ ಸ್ಪಷ್ಟವಾಗಿ ಕಂಡಿತು. ಒಂದು ದಿನವೂ ಅನುಮಾನ ಪಟ್ಟಿಲ್ಲ. ಸುಟ್ಟಿದ್ದು ತನ್ನ ಕೈಯಿಂದಲೇ ಎಂದು ಅವಳೂ ನಂಬಿಕೊಂಡಿದ್ದಾಳೆ, ನಂಬಿಕೊಂಡೇ ಸ್ಕ್ರೂ ಬಿಚ್ಚಿದ್ದಾಳೆ, ವೈರು ಸೇರಿಸಿದ್ದಾಳೆ, ಉಗುರು ಬಣ್ಣ ಇಟ್ಟಿದ್ದಾಳೆ. ಆ ಕೈಯಿಂದಲೇ. ಕೆಮ್ಮಿದ, ಸರಿಹೋಗಲಿಲ್ಲ, ಮತ್ತೆ ಕೆಮ್ಮಿದ. ನೀರು ತರಲು ಹೊರಟ ತನುಜಳನ್ನು ಬೇಡಮ್ಮ ಎಂದು ತಡೆದ. ಬಗ್ಗಿ ಆ ಎರಡು ಪ್ಲಗ್ಗುಗಳನ್ನು ಹಿಡಿದುಕೊಂಡ. ಬಾಯಿಂದ ಹೇಳುವುದಕ್ಕಿಂತ ತೋರಿಸುವುದು ಅವನಿಗೆ ಅಭ್ಯಾಸ.

"ಇದು ನೋಡಿ. ಕಪ್ಪು ವೈರು ಎರಡೂ ನಡುವೆ ಬರಬೇಕು, ಹೀಗೆ. ಅವತ್ತು, ನಿಮ್ಮ ಮದುವೆಯಾದ ವರ್ಷ, ನಾನು ಹೀಗೆ ಹಾಕಿದ್ದೆ." ಎರಡನ್ನೂ ಅದಲುಬದಲು ಮಾಡಿ ಹಿಡಿದ. "ಯಾರು ಸ್ವಿಚ್ ಹಾಕಿದ್ರೂ ಸುಡ್ತಿತ್ತು. ನಾನು ಹಾಕಿದ್ರೂ ಸುಡ್ತಿತ್ತು. ಸುಟ್ಟ ಗಳಿಗೇಲೇ ನನಗೆ ಗೊತ್ತಾಯ್ತು. ನಾನು ಹೇಳಲಿಲ್ಲ."

ಪರದೆಯಾಚೆ ಹೆಂಗಸರು ಕಾಗದ ಸರಿಸುವುದನ್ನು ನಿಲ್ಲಿಸಿದ್ದರು. ಚಿರಂಜೀವಿ ಏನೋ ಹೇಳಲು ಹೊರಟು, ಅಂದ್ರೆ ಅವತ್ತು ಎಂದು ಶುರುಮಾಡಿ ಬಿಟ್ಟುಬಿಟ್ಟ. ಹೆಂಡತಿಯ ಮುಖ ನೋಡಲಾಗದೆ ಮಗಳ ಮುಖ ನೋಡಿದ, ಮಗಳು ಅವನನ್ನೇ ನೋಡುತ್ತಿದ್ದಳು. ಮಾಲಾ ಪ್ಲಗ್ಗುಗಳನ್ನು ನೋಡುತ್ತಿದ್ದಳು. ಆದಿಲಕ್ಷ್ಮಮ್ಮ ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡು ಜಗನ್ನನನ್ನು ಮೇಲಿಂದ ಕೆಳಗೆ ನೋಡಿದರು. ಈಗ ಗುರುತು ಸಿಕ್ಕಿತ್ತು. ಕಳವಾರದೋನಲ್ವಾ ನೀನು ಎಂದರು. ಹೌದು ಎಂದ. ಅವರು ತೆಲುಗಿನಲ್ಲಿ ಮೆಲ್ಲಗೆ, ತಮಗೆ ತಾವೇ ಎಂಬಂತೆ, ಅನುಕುನ್ನಾ ಎಂದರು. ಅಂದುಕೊಂಡೇ ಇದ್ದೆ ಎಂದು. ಆಮೇಲೆ ಎಲ್ಲರಿಗೂ ಕೇಳುವಂತೆ ಕನ್ನಡದಲ್ಲಿ ಹೇಳಿದರು. "ಅಂದ್ರೆ ಅವತ್ತು ಹುಳ ಕೆಟ್ಟಿದ್ದೂ ಇವನ ಕೈಯಿಂದ್ಲೇ."

ಇದೇ ಅದು. ಇಪ್ಪತ್ತಾರು ವರ್ಷ ಹೆಸರಿಡಲು ಇಷ್ಟಪಡದ ಹೆದರಿಕೆ ಬಂದು ಎದುರಿಗೇ ಕೂತಿತ್ತು, ಕುರ್ಚಿ ಹಾಕಿಸಿಕೊಂಡು. ವಿಚಿತ್ರವೆಂದರೆ ಅವನಿಗೆ ಅಷ್ಟೇನೂ ನೋವಾಗಲಿಲ್ಲ. ನೋವಾದದ್ದು ಬೇರೆ ಕಾರಣಕ್ಕೆ: ತಾನು ಆಗಲೇ ಹೇಳಿದ್ದರೆ ಈ ಮಾತನ್ನು ಇಪ್ಪತ್ತಮೂರನೇ ವಯಸ್ಸಿನಲ್ಲಿ ತಾನೇ ಕೇಳಿಸಿಕೊಂಡು ಸಹಿಸಿಕೊಳ್ಳಬಹುದಿತ್ತು, ಬದಲಿಗೆ ಹತ್ತೊಂಬತ್ತರ ಹುಡುಗಿಯ ಕೈಗೆ ಕೊಟ್ಟು ಬಂದಿದ್ದೆ. ಅಮ್ಮಾ ಸಾಕು ಎಂದು ಚಿರಂಜೀವಿ ತಗ್ಗಿದ ದನಿಯಲ್ಲಿ ಹೇಳಿದ. ಜಗನ್ ಸ್ಕ್ರೂ ಡ್ರೈವರನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದ. ಪ್ಲಗ್ಗು ಕೂರಿಸುವುದು ಇನ್ನೂ ಬಾಕಿಯಿದೆ ಎಂಬುದೇ ಮರೆತಿತ್ತು.

"ಕೈಯಲ್ಲ ಅತ್ತೆ" ಎಂದಳು ಮಾಲಾ. "ವೈರು."

ಹೊದಿಕೆಯನ್ನು ಮಗಳ ಕೈಗೆ ಕೊಟ್ಟು ಟೇಬಲ್ಲಿನ ಹತ್ತಿರ ಬಂದಳು. ಪ್ಲಗ್ಗುಗಳನ್ನು ತಾನೇ ತೆಗೆದುಕೊಂಡಳು. ಕಪ್ಪನ್ನು ಕಪ್ಪಿನ ಪಕ್ಕ ಹಿಡಿದು ಅವನಿಗೆ ತೋರಿಸಿದಳು. ಅವನು ತಲೆಯಾಡಿಸಿದ. ಒಂದನ್ನು ಓರೆಯಾಗಿ ಸಿಕ್ಕಿಸಿ ನೇರ ಮಾಡಿ ಒತ್ತಿದಳು, ಇನ್ನೊಂದನ್ನು ಒತ್ತಿದಳು, ಮತ್ತೊಮ್ಮೆ ಬಗ್ಗಿ ನೋಡಿದಳು. ಮೇನ್ ಪ್ಲಗ್ಗು ಹಾಕಿ ಸ್ವಿಚ್ಚಿನ ಮೇಲೆ ಬೆರಳಿಟ್ಟಾಗ ಕೋಣೆಯಲ್ಲಿದ್ದ ಎಲ್ಲರೂ ಅವಳ ಕೈಯನ್ನೇ ನೋಡಿದರು, ಜಗನ್ನನೂ ಈ ಸಲ ಪ್ಲಗ್ಗು ಬಿಟ್ಟು ಕೈಯನ್ನೇ ನೋಡಿದ. ಒತ್ತಿದಳು. ಫ್ಯಾನು ಗುಂಯ್ ಎಂದಿತು. ಮಾನಿಟರಿನಲ್ಲಿ ಅಂಕಿಗಳು ಓಡಿದವು, ಒಂದು ಬೀಪು ಬಂತು, ಸ್ವಲ್ಪ ಹೊತ್ತಿಗೆ ಕಪ್ಪು ಪರದೆಯ ಮೇಲೆ ತಂಡಗಳ ಪಟ್ಟಿ ಸಾಲಾಗಿ ನಿಂತಿತು. ತನುಜ ಅಮ್ಮನ ಭುಜ ಹಿಡಿದು ಮುಂದೆ ಬಗ್ಗಿದಳು.

ಮಾಲಾ ಪಟ್ಟಿ ನೋಡಲಿಲ್ಲ. ಯಂತ್ರದ ಹಿಂದಕ್ಕೆ ಕೈ ಚಾಚಿ ಬೊಗಸೆ ಹಿಡಿದಳು. ಹೊಸ ಫ್ಯಾನು ನೆಟ್ಟಗೆ ಹೊರಗೆ ಊದುತ್ತಿತ್ತು. ಕಿಟಕಿಯಾಚೆ ಹತ್ತಿರದ ತಟ್ಟೆಯ ಮೇಣದ ಕಾಗದ ಮೆಲ್ಲಗೆ ಅಲುಗತೊಡಗಿತ್ತು. ಹುಳ ಎರಡನೇ ಜ್ವರಕ್ಕೆ ಕೂತಿದ್ದಾವೆ, ಗಾಳಿ ತಾಕಬಾರದು ಎಂದಳು, ಕೂಡಲೇ ಸ್ವಿಚ್ಚು ಆರಿಸಿದಳು. ವೈರುಗಳನ್ನೆಲ್ಲ ಕಿತ್ತು ಟೇಬಲ್ಲಿನ ಮೇಲೆ ಸುತ್ತಿಟ್ಟು, ಇದನ್ನ ಅಡ್ಡಕ್ಕೆ ತಿರುಗಿಸಣ ಎಂದು ಜಗನ್ನನಿಗೆ ಹೇಳಿದಳು. ಉತ್ತರದ ಗೋಡೆಗೆ ಬೀರು ಇದ್ದದ್ದರಿಂದ ಆ ಕಡೆ ಆಗುವುದಿಲ್ಲ, ಈ ಕಡೆಗೇ ತಿರುಗಿಸಬೇಕು. ದಕ್ಷಿಣಕ್ಕೆ ಮುಖ ಆಯ್ತದಲ್ಲೇ ಎಂದರು ಆದಿಲಕ್ಷ್ಮಮ್ಮ. ಗಟ್ಟಿಯಾಗಿಯೇ ಅಂದರು.

"ಆಗ್ಲಿ ಅತ್ತೆ" ಎಂದಳು ಮಾಲಾ. "ಆ ಕಡೆ ಹಿಡ್ಕೊಳ್ಳಿ ಜಗನ್."

ಅವನು ಚೀಲ ಕೆಳಗಿಟ್ಟು ಆ ಕಡೆ ಹಿಡಿದುಕೊಂಡ. ತೇಗದ ಹಳೇ ಟೇಬಲ್ಲು, ಭಾರವಿತ್ತು. ಕಾಲುಗಳು ನೆಲಕ್ಕೆ ಕಚ್ಚಿಕೊಂಡಿದ್ದವು, ಎತ್ತಿದಾಗ ಗಾರೆಯ ಮೇಲೆ ನಾಲ್ಕು ಬಿಳಿ ಚೌಕ ಉಳಿದವು. ಚಿರಂಜೀವಿ ಸಹಾಯಕ್ಕೆ ಬಂದವನು ಎಲ್ಲಿ ಹಿಡಿಯಬೇಕೆಂದು ತಿಳಿಯದೆ ನಿಂತ. ಅವಳು ಹಿಂದೆ ಹಿಂದೆ ಹೆಜ್ಜೆ ಇಡುತ್ತ ತಿರುಗಿಸಿದಳು, ಜಗನ್ ಅವಳ ಅಳತೆಗೆ ತನ್ನ ಹೆಜ್ಜೆ ಹಾಕಿದ. ಪರದೆ ಕಿಟಕಿ ಈಗ ಕುರ್ಚಿಯ ಎಡಕ್ಕೆ ಬಂತು, ಕೂತಲ್ಲಿಂದಲೇ ಎಲ್ಲ ತಟ್ಟೆಯೂ ಕಾಣುವ ಹಾಗೆ. ಅವಳು ತನ್ನ ತುದಿಯನ್ನು ಮೊದಲು ಇಳಿಸಿ, ಸೊಂಟ ನೆಟ್ಟಗೆ ಮಾಡಿ, ಒಂದು ಕಣ್ಣಳತೆ ನೋಡಿದಳು. ಅವನು ಇನ್ನೂ ಎತ್ತಿ ಹಿಡಿದುಕೊಂಡೇ ಇದ್ದ.

"ಸಾಕು, ಇಳಿಸಿ" ಎಂದಳು.

ಅವನು ಇಳಿಸಿದ.